ಚಪ್ಪರ ಬಿಚ್ಚಿದ ಹಡಗು

ಮೊನ್ನೆ ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ನ ಅಂಗಡಿ ಸಾಲಿನಲ್ಲಿ ಮಗಳು ರೀನಾ ನನ್ನನ್ನು ಉಗುರಿಗೆ ಬಣ್ಣ ಹಚ್ಚುವ ಸಲೂನಿನಲ್ಲಿ ಕೂರಿಸಿದಳು. ಅವಳ ನಾದಿನಿಯ ಮದುವೆಗೆ ಮನೆಯ ಹೆಂಗಸರೆಲ್ಲರ ಉಗುರೂ ಒಂದೇ ಬಣ್ಣದಲ್ಲಿರಬೇಕಂತೆ. ಎದುರಿಗೆ ಕುಳಿತ ಹುಡುಗಿ ಸಣ್ಣ ಬಾಟಲಿಯೊಂದರ ಮುಚ್ಚಳ ತಿರುಗಿಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೈ ಎಳೆದುಕೊಂಡುಬಿಟ್ಟೆ. ನೋವಾಯಿತೇ ಎಂದು ಪಾಪ ಆ ಹುಡುಗಿ ಮತ್ತೆ ಮತ್ತೆ ಕೇಳಿದಳು.

“ಏನಾಯ್ತಮ್ಮಾ?” ಎಂದಳು ರೀನಾ.

“ನಿಮ್ಮಪ್ಪನ ಹಡಗಿನ ವಾಸನೆ.”

“ಓ ಗಾಡ್, ಇನ್ನೂ ಅದೇನಾ? ಇಟ್ಸ್ ಜಸ್ಟ್ ಎ ಮಾಡೆಲ್, ಅಮ್ಮಾ.”

ನಾನು ಬೆರಳುಗಳನ್ನು ಮತ್ತೆ ಆ ಹುಡುಗಿಯ ಕೈಗೆ ಒಪ್ಪಿಸಿದೆ. ನನಗೆ ಸಿಟ್ಟು ಬರುವುದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ. ಕಾನ್ವೆಂಟಿನಲ್ಲಿ ಓದಿದವಳು, ಮೆತ್ತಗೆ ಮಾತನಾಡುವವಳು, ಬಾಗಿಲನ್ನು ಸದ್ದಾಗದಂತೆ ಮುಚ್ಚುವವಳು. ಕಳೆದ ವರ್ಷದ ಚಳಿಗಾಲದವರೆಗೆ ನಾನೂ ಅದನ್ನೇ ನಂಬಿದ್ದೆ.

ಆ ಚಳಿಗಾಲ ನಾವಿದ್ದದ್ದು ಅಡಿಲೇಡಿನಲ್ಲಿ, ಸ್ಯಾಲಿಸ್‌ಬರಿಯ ನಮ್ಮ ಮನೆಯಲ್ಲಿ. ನಮ್ಮವರು ವಿಕ್ಟರ್, ಮೈಸೂರಿನವರು. ನಾನು ಮಂಗಳೂರಿನ ಕೊಂಕಣಿಯವಳು. ಅವರಿಗೆ ನನ್ನ ಭಾಷೆ ಬಾರದ್ದರಿಂದ ಮನೆಯ ಮಾತು ಕನ್ನಡವಾಯಿತು. ಅವರು ಗಲ್ಫಿನಲ್ಲಿ ಹಡಗು ದುರಸ್ತಿ ಯಾರ್ಡಿನಲ್ಲಿ ನಕ್ಷೆ ಬರೆಯುತ್ತಿದ್ದವರು. ಇಲ್ಲಿಗೆ ಬಂದ ಮೇಲೂ ಅದೇ ಕೆಲಸ. ನಿವೃತ್ತರಾದ ಮರುವಾರವೇ ಹಡಗಿನ ಮಾದರಿ ಕಟ್ಟುವವರ ಕ್ಲಬ್ಬಿಗೆ ಸೇರಿದರು. ಅಲ್ಲಿನ ಮುಖ್ಯಸ್ಥ ಕೆವಿನ್ ಇವರ ಕೈಕೆಲಸ ನೋಡಿ ಒಂದು ಹಡಗನ್ನು ಒಪ್ಪಿಸಿದ. ಪರ್ತ್‌ನ ಬಂದರಿನಲ್ಲಿ ಒಂದು ಸಭಾಂಗಣವಿದೆ. ಮಹಾಯುದ್ಧದ ಕಾಲದಲ್ಲಿ ಆ ಬಂದರಿಗೆ ಎಣ್ಣೆ, ನೀರು ತುಂಬಿಸಿಕೊಳ್ಳಲು ಬಂದ ಹಡಗುಗಳ ಮಾದರಿಗಳನ್ನು ಅಲ್ಲಿ ವರ್ಷಕ್ಕೊಮ್ಮೆ ಸ್ಪರ್ಧೆ ನಡೆಸಿ ಗಾಜಿನ ಪೆಟ್ಟಿಗೆಯಲ್ಲಿಡುತ್ತಾರೆ. ಪ್ರತಿ ಮಾದರಿಗೂ ಒಂದು ಹಿತ್ತಾಳೆ ಫಲಕ, ಹಿಂದೆ ಗೋಡೆಯ ಮೇಲೆ ಆ ಹಡಗಿನ ಸೇವಾ ಚರಿತ್ರೆ. ಇವರ ಪಾಲಿಗೆ ಬಂದದ್ದು ಫ್ರೆಂಚರ ಒಂದು ಲೈಟ್ ಕ್ರೂಸರ್ ಯುದ್ಧನೌಕೆ.

ಅದರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಆ ಹೆಸರನ್ನು ಮಗುವಿನ ಹೆಸರಿನ ಹಾಗೆ ಕರೆದದ್ದು ಸಾಕಾಗಿದೆ. ಇವತ್ತು ಅದಕ್ಕೆ ಮೂತಿ ಬಂತು, ಇವತ್ತು ಅದಕ್ಕೆ ಚಿಮಣಿ ಕೂತಿತು, ಸದ್ಯಕ್ಕೆ ಬಟ್ಟೆ ಒಗೆಯಬೇಡ, ಪೇಂಟ್ ಒಣಗ್ತಾ ಇದೆ, ಧೂಳು ಏಳುತ್ತೆ. ಹಡಗು ಮೂರಡಿ ಉದ್ದ. ಅದಕ್ಕೆ ಬೆಳಕು ಬೇಕು ಎಂದು ನನ್ನ ಹೊಲಿಗೆಯ ಕೋಣೆಯೇ ಹೋಯಿತು. ಉತ್ತರದ ಕಿಟಕಿಯಿಂದ ಚಳಿಗಾಲದಲ್ಲೂ ಬಿಸಿಲು ಬೀಳುವ ಕೋಣೆ ಅದೊಂದೇ. ನಾನು ಮೆಷಿನ್ನನ್ನು ಬಟ್ಟೆ ಒಗೆಯುವ ಕೋಣೆಗೆ ಸಾಗಿಸಿಕೊಂಡೆ. ಒಂದು ಮಾತೂ ಆಡಲಿಲ್ಲ. ಅಂಟಿನ ವಾಸನೆ, ಥಿನ್ನರಿನ ವಾಸನೆ ಪರದೆಗಳಿಗೆ, ದಿಂಬಿಗೆ, ಕೊನೆಗೆ ಭಾನುವಾರದ ಪೋರ್ಕಿಗೂ ಹತ್ತಿತು. ಆಗಲೂ ಆಡಲಿಲ್ಲ.

ಮೊದಮೊದಲು ನನಗೂ ಅದರಲ್ಲಿ ಒಂದು ಖುಷಿಯಿತ್ತು ಎಂಬುದನ್ನು ಹೇಳಬೇಕು. ಹಡಗಿನ ಕಾಗದಪತ್ರಗಳೆಲ್ಲ ಫ್ರೆಂಚಿನಲ್ಲಿದ್ದವು. ನಮ್ಮ ಕಾನ್ವೆಂಟಿನಲ್ಲಿ ಹಿಂದಿಯ ಬದಲು ಫ್ರೆಂಚ್ ತೆಗೆದುಕೊಳ್ಳಬಹುದಿತ್ತು. ಕಲಿಸುತ್ತಿದ್ದ ಮುದುಕಿ ಸಿಸ್ಟರ್ ಕ್ರಿಯಾಪದ ತಪ್ಪಿದರೆ ಸ್ಕೇಲಿನಿಂದ ಬೆರಳ ಗಂಟಿಗೆ ಹೊಡೆಯುತ್ತಿದ್ದರು. ನಲವತ್ತು ವರ್ಷಗಳಿಂದ ತಲೆಯ ಯಾವ ಮೂಲೆಯಲ್ಲೋ ಬಿದ್ದಿದ್ದ ಆ ಫ್ರೆಂಚನ್ನು ಎಬ್ಬಿಸಿ, ನಿಘಂಟು ಹಿಡಿದು, ಅಡುಗೆಮನೆಯ ಮೇಜಿನ ಮೇಲೆ ಹಡಗಿನ ಚರಿತ್ರೆಯನ್ನು ಇಂಗ್ಲಿಷಿಗೆ ಇಳಿಸಿದವಳು ನಾನು. ಎಲ್ಲಿ ಕಟ್ಟಿದರು, ಎಲ್ಲಿ ನೀರಿಗಿಳಿಸಿದರು, ಯುದ್ಧದ ನಡುವೆ ಎಲ್ಲಿ ರಿಪೇರಿಗೆ ನಿಂತಿತು, ವಿಮಾನ ಹಾರಿಸುವ ಯಂತ್ರ ತೆಗೆದು ಸಣ್ಣ ತೋಪುಗಳನ್ನು ಎಲ್ಲಿ ಕೂರಿಸಿದರು. ಯುದ್ಧ ಮುಗಿಯುವ ಹೊತ್ತಿಗೆ, ಒಂದು ಚಳಿಗಾಲದ ದಿನ, ಶತ್ರುಗಳಿಂದ ಬಿಡಿಸಿಕೊಂಡ ತನ್ನ ಸ್ವಂತ ಬಂದರಿಗೆ ಅದು ಮರಳಿ ಬಂತು. ದಡದಲ್ಲಿ ಜನ ಅಳುತ್ತಿದ್ದರಂತೆ. ಅದನ್ನು ಬರೆಯುವಾಗ ನನ್ನ ಕಣ್ಣಲ್ಲೂ ನೀರು ಬಂದಿತ್ತು.

ಆಮೇಲೆ ಹಡಗು ವಿಯೆಟ್ನಾಮಿಗೆ ಹೋಯಿತು. ಆಗ ಅದು ಫ್ರೆಂಚರ ವಸಾಹತು. ಅಲ್ಲಿನದ್ದು ಕೆಲವೇ ಸಾಲು. ಅದರಲ್ಲೊಂದು: ‘ಕರಾವಳಿಯ ಜಮಾವಣೆಗಳ ಮೇಲೆ ಫಿರಂಗಿ ದಾಳಿ. ಫಲಿತಾಂಶ ತೃಪ್ತಿಕರ.’ ಎಲ್ಲಿ ಎಂದರೆ, ಬೆನ್ ಲಾವ್ ಎಂಬ ಹಳ್ಳಿಯ ಎದುರು, ಒಂದು ನದಿಯ ಬಾಯಲ್ಲಿ. ನಾನು ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟೆ. ಕೆವಿನ್ ತಿದ್ದಿ ಕಳಿಸಿದ ಪ್ರತಿಯಲ್ಲಿ ಆ ಭಾಗವೆಲ್ಲ ಸೇರಿ ‘ಪೂರ್ವದ ಸಮುದ್ರಗಳಲ್ಲಿ ಸೇವೆ’ ಎಂದಾಗಿತ್ತು. ಯಾಕೆ ಹೀಗೆ ಎಂದು ಕೇಳಿದೆ. ಗೋಡೆಯಲ್ಲಿ ಜಾಗ ಕಡಿಮೆ, ಲವ್, ಎಂದ ಕೆವಿನ್. ಅವನು ಎಲ್ಲ ಹೆಂಗಸರನ್ನೂ ಲವ್ ಎಂದೇ ಕರೆಯುವುದು. ಬರುವಾಗಲೆಲ್ಲ ಲ್ಯಾಮಿಂಗ್ಟನ್ ಕೇಕು ತರುವ, ಕಾಲೊರೆಸಿಯೇ ಒಳಗೆ ಬರುವ, ಕೆಟ್ಟವನಲ್ಲದ ಮನುಷ್ಯ. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂದು ನನಗೆ ಆ ವರ್ಷ ತಿಳಿಯಿತು.

ಮಾದರಿ ಕಟ್ಟುವವರಲ್ಲಿ ಒಂದು ಪದ್ಧತಿಯಿದೆ. ಹಡಗನ್ನು ಸುಮ್ಮನೆ ಹಡಗಾಗಿ ಕಟ್ಟುವ ಹಾಗಿಲ್ಲ. ಅದರ ಆಯುಷ್ಯದ ಒಂದು ದಿನವನ್ನು ಆರಿಸಿಕೊಂಡು, ಆ ದಿನ ಅದು ಹೇಗಿತ್ತೋ ಹಾಗೇ ಕಟ್ಟಬೇಕು. ಯಾಕೆಂದರೆ ಪ್ರತಿ ರಿಪೇರಿಯಲ್ಲೂ ತೋಪು, ಬಣ್ಣ, ಕಂಬ ಬದಲಾಗುತ್ತವೆ. ಆ ದಿನವನ್ನೇ ಫಲಕದಲ್ಲಿ ಕೆತ್ತಿಸುವುದು. ನಮ್ಮ ಹಡಗಿಗೆ ಕೆವಿನ್ ಆರಿಸಿದ್ದು ತನ್ನ ಬಂದರಿಗೆ ಮರಳಿದ ಆ ಚಳಿಗಾಲದ ದಿನ. ಸೇವೆಯ ಅತಿ ಹೆಮ್ಮೆಯ ದಿನ ಎಂದು ಫಲಕವೂ ಬಂತು. ನಮ್ಮವರು ಅದನ್ನು ಬನಿಯನ್ ಬಟ್ಟೆಯಿಂದ ದಿನಾ ಉಜ್ಜುತ್ತಿದ್ದರು.

ಜುಲೈಯಲ್ಲಿ ಒಂದು ದಿನ ಅವರು ಹಡಗಿನ ಹಳೆಯ ಫೋಟೊ ಒಂದನ್ನು ತಂದು ನನ್ನ ಮುಂದಿಟ್ಟರು. ಅದರಲ್ಲಿ ಡೆಕ್ಕಿನುದ್ದಕ್ಕೂ ಬಿಳಿ ಬಟ್ಟೆಯ ಚಪ್ಪರ. ಬಿಸಿಲಿಗೆ ಕಟ್ಟುವ ಕ್ಯಾನ್ವಾಸು.

“ಎಷ್ಟು ಚೆನ್ನಾಗಿ ಕಾಣ್ಸುತ್ತೆ ನೋಡು. ಇಲ್ದಿದ್ರೆ ಬೋಳು ಬೋಳು. ನಿನ್ ಕೈಲಿ ಆಗುತ್ತಾ ಐರಿನ್, ಇಷ್ಟು ಸಣ್ಣದು?”

ಆಗುತ್ತದೆ ಎಂದೆ. ರೀನಾಳ ಜ್ಞಾನಸ್ನಾನದ ಅಂಗಿಗೆ ಹಾಕಿ ಉಳಿದಿದ್ದ ಮಲ್ ಬಟ್ಟೆಯ ತುಂಡು ನನ್ನಲ್ಲಿತ್ತು. ಅಕ್ಕಿಯ ಗಂಜಿ ಹಾಕಿ, ಇಸ್ತ್ರಿ ಮಾಡಿ, ಅಂಚನ್ನು ಒಂದೇ ಎಳೆಯ ದಾರದಿಂದ ಮಡಿಸಿ ಹೊಲಿದೆ. ಸಿಸ್ಟರ್‌ಗಳು ಹೊಲಿಗೆಗೆ ಬಹುಮಾನವಾಗಿ ಕೊಟ್ಟ ಕೊಕ್ಕರೆ ಆಕಾರದ ಸಣ್ಣ ಕತ್ತರಿ ಇನ್ನೂ ನನ್ನ ಬಳಿಯಿದೆ. ಅದರಿಂದಲೇ ಕತ್ತರಿಸಿ, ಕೂದಲಿನಷ್ಟು ತೆಳುವಾದ ಹಿತ್ತಾಳೆ ಕಂಬಗಳಿಗೆ ಒಂದೊಂದಾಗಿ ಗಂಟು ಹಾಕಿದೆ. ಮುಗಿದಾಗ ನಮ್ಮವರು ನನ್ನ ಭುಜದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದರು. ಆಮೇಲೆ ಫಿರಂಗಿಗಳನ್ನು ಮೆಲ್ಲಗೆ ಒಂದೇ ಬದಿಗೆ ತಿರುಗಿಸಿದರು. ನೇರವಾಗಿಟ್ಟರೆ ನಿದ್ದೆ ಮಾಡುವಂತೆ ಕಾಣುತ್ತದಂತೆ. ಗಾಜಿನಾಚೆ ನಿಂತು ನೋಡುವವರ ಕಡೆಗೆ ಮುಖ ಮಾಡಿದರೆ ಜೀವ ಬರುತ್ತದಂತೆ.

ಇನ್ನು ತಾಮ್ ಆಂಟಿಯ ವಿಷಯ. ನಮ್ಮ ಇಗರ್ಜಿಯಲ್ಲಿ ಎರಡನೆಯ ಸಾಲಿನ ತುದಿಯಲ್ಲಿ ಕೂರುವ ವಿಯೆಟ್ನಾಮಿನ ಹೆಂಗಸು. ಎಂಬತ್ತೈದು ದಾಟಿದೆ. ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಅವರೂ ಫ್ರೆಂಚ್ ಸಿಸ್ಟರ್‌ಗಳ ಕೈಯಲ್ಲಿ ಓದಿದವರು. ಒಮ್ಮೆ ಪೂಜೆ ಮುಗಿದ ಮೇಲೆ ಅವರು ಮೆಟ್ಟಿಲಿನಲ್ಲಿ ಎಡವಿ ತಮ್ಮಷ್ಟಕ್ಕೆ ಫ್ರೆಂಚಿನಲ್ಲಿ ಗೊಣಗಿದರು, ನಾನು ಫ್ರೆಂಚಿನಲ್ಲೇ ಪೆಟ್ಟಾಯಿತೇ ಎಂದೆ. ಅಲ್ಲಿಂದ ಶುರು. ಮಂಗಳೂರಿನ ಕಾನ್ವೆಂಟಿನ ಫ್ರೆಂಚೂ ಅವರ ಊರಿನ ಕಾನ್ವೆಂಟಿನ ಫ್ರೆಂಚೂ ಸ್ಯಾಲಿಸ್‌ಬರಿಯ ಬಸ್‌ಸ್ಟಾಪಿನಲ್ಲಿ ನಿಂತು ಮಾತನಾಡುತ್ತಿದ್ದವು. ಅವರ ಹಿತ್ತಿಲಲ್ಲಿ ಬಸಳೆ ಬೆಳೆಯುತ್ತಿತ್ತು. ನಮ್ಮದೇ ಬಸಳೆ, ಅವರ ಊರಲ್ಲೂ ಅದು ಬಡವರ ಸೊಪ್ಪಂತೆ. ಅಡಿಲೇಡಿನ ಚಳಿಗೆ ಅದು ಸಾಯುತ್ತದೆ. ಅವರು ಹಳೆಯ ಬಾತ್‌ಟಬ್ಬಿನಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಸಿ ಬದುಕಿಸಿಕೊಂಡಿದ್ದರು. ನಾನು ಪ್ರಾಸ್ಪೆಕ್ಟ್ ರೋಡಿನ ಇಂಡಿಯನ್ ಅಂಗಡಿಗೆ ಹೋದಾಗಲೆಲ್ಲ ಅವರಿಗೊಂದು ಪೊಟ್ಟಣ ಒಣಸಿಗಡಿ ತರುತ್ತಿದ್ದೆ.

ಆಗಸ್ಟಿನ ಒಂದು ಮಧ್ಯಾಹ್ನ ಅವರು ಬಸಳೆ ಹಿಡಿದು ಮನೆಗೆ ಬಂದರು. ಹೊರಗೆ ಮಳೆ ಹನಿಯುತ್ತಿತ್ತು. ನಮ್ಮವರಿಗೆ ಯಾರು ಬಂದರೂ ಹಡಗು ತೋರಿಸಬೇಕು. ಬನ್ನಿ ಆಂಟಿ ಎಂದು ಕೋಣೆಗೆ ಕರೆದುಕೊಂಡು ಹೋಗಿ, ದೀಪ ಹಾಕಿ, ಹಡಗಿನ ಹೆಸರು ಹೇಳಿದರು.

ತಾಮ್ ಆಂಟಿ ಆ ಹೆಸರನ್ನು ತಿರುಗಿ ಉಚ್ಚರಿಸಿದರು. ನಮ್ಮವರು ಹೇಳುವಂತಲ್ಲ, ಸಿಸ್ಟರ್ ಕಲಿಸಿದಂತೆ, ತಿದ್ದಿದ ಫ್ರೆಂಚಿನಲ್ಲಿ. ನಂತರ ಬಗ್ಗಿ ಚಪ್ಪರವನ್ನು ನೋಡಿದರು. ಯಾರು ಹೊಲಿದದ್ದು ಎಂದು ಕೇಳಿದರು. ನಾನು ಎಂದೆ. ಅವರು ತಲೆಯಾಡಿಸಿ, ಬಟ್ಟೆ ಒಗೆಯುವ ಕೋಣೆಯಲ್ಲಿ ನನ್ನ ಮೆಷಿನ್ನಿನ ಮುಂದಿದ್ದ ಸ್ಟೂಲಿನ ಮೇಲೆ ಹೋಗಿ ಕುಳಿತುಬಿಟ್ಟರು. ಕೈಯಲ್ಲಿದ್ದ ಬಸಳೆಯನ್ನು ಕೆಳಗಿಡಲಿಲ್ಲ.

ಅವರು ಹೇಳಿದ್ದು ಇಷ್ಟು. ಆಗ ಅವರಿಗೆ ಆರೋ ಏಳೋ ವರ್ಷ. ಹಳ್ಳಿಯ ಹೆಸರು ಬೆನ್ ಲಾವ್. ಆ ಹಡಗು ನದಿಯ ಬಾಯಲ್ಲಿ ಕೆಲವು ದಿನ ಲಂಗರು ಹಾಕಿತ್ತು. ಉದ್ದಕ್ಕೂ ಬಿಳಿ ಬಟ್ಟೆ ಕಟ್ಟಿತ್ತು. ಮಾದರಿಯ ಪಕ್ಕದಲ್ಲಿಟ್ಟಿದ್ದ ಫೋಟೊದಲ್ಲಿ ಕಾಣುವ ದಡವೂ ಅದೇ ಎಂದರು. ಹಡಗಿನವರು ಸೊಳ್ಳೆಪರದೆ ಕಟ್ಟಿಕೊಂಡಿದ್ದಾರೆ ಎಂದು ಮಕ್ಕಳು ನಗುತ್ತಿದ್ದರು. ಸಿಸ್ಟರ್‌ಗಳು ಮಕ್ಕಳನ್ನು ದಡದಲ್ಲಿ ಸಾಲಾಗಿ ನಿಲ್ಲಿಸಿ, ಹಡಗಿನ ಹೆಸರು ಬಾಯಿಪಾಠ ಮಾಡಿಸಿ, ಕೈ ಬೀಸಿ ಹಾಡಿಸಿದರು. ಫ್ರೆಂಚ್ ಹಡಗು, ಔಷಧಿ ತಂದಿರುತ್ತದೆ, ಹಾಲಿನ ಪುಡಿ ತಂದಿರುತ್ತದೆ ಎಂದರು. ಎರಡು ದಿನ ಹಾಡಿದರು. ಮೂರನೆಯ ಬೆಳಿಗ್ಗೆ ಹಡಗಿನವರು ಬಿಳಿ ಬಟ್ಟೆಯನ್ನು ಬಿಚ್ಚಿ, ಮಡಿಸಿ, ಒಳಗೆ ಒಯ್ದರು. ಇವತ್ತು ಹೊರಡುತ್ತಾರೆ ಎಂದುಕೊಂಡು ಮಕ್ಕಳಿಗೆ ಬೇಜಾರಾಯಿತು. ಅಷ್ಟರಲ್ಲಿ ಅವರ ಅಮ್ಮ, ಬೆನ್ನಿಗೆ ಕಟ್ಟಿಕೊಂಡ ಮಗುವಿನ ಸಮೇತ, ಉಳಿದ ಹೆಂಗಸರ ಜೊತೆ ಉಪ್ಪಿನ ಗದ್ದೆಗೆ ಹೋಗಿಯಾಗಿತ್ತು.

“ಬಟ್ಟೆ ಇದ್ದರೆ ಫಿರಂಗಿ ಹಾರಿಸಲು ಆಗುವುದಿಲ್ಲ,” ಎಂದರು ತಾಮ್ ಆಂಟಿ. “ಅದಕ್ಕೇ ಬಿಚ್ಚಿದ್ದು. ನನಗೆ ಅದು ತಿಳಿದದ್ದು ದೊಡ್ಡವಳಾದ ಮೇಲೆ.”

ಕರಾವಳಿಯ ಜಮಾವಣೆ. ಫಲಿತಾಂಶ ತೃಪ್ತಿಕರ. ಆ ಎರಡು ಸಾಲನ್ನು ನಿಘಂಟು ನೋಡಿ ಚಂದದ ಇಂಗ್ಲಿಷಿಗೆ ಇಳಿಸಿದ ಕೈ ನನ್ನದು. ಉಪ್ಪು ಬಳಿಯಲು ಬಗ್ಗಿದ್ದ ಹೆಂಗಸರಿಗೆ ಜಮಾವಣೆ ಎಂಬ ಹೆಸರು ಇಡುವ ಮನುಷ್ಯ ಎಂಥವನಿರಬೇಕು, ಅವನು ಆ ದಿನ ಊಟಕ್ಕೆ ಏನು ತಿಂದಿರಬೇಕು ಎಂದು ನಾನು ಎಷ್ಟು ದಿನ ಯೋಚಿಸಿದ್ದೇನೋ ಲೆಕ್ಕವಿಲ್ಲ.

ತಾಮ್ ಆಂಟಿ ಕೇಳಿದ್ದು ಒಂದೇ. ಆ ಗೋಡೆಯ ಮೇಲೆ ಸತ್ತವರ ವಿಷಯ ಬರೆಯದಿದ್ದರೂ ಪರವಾಗಿಲ್ಲ, ಊರಿನ ಹೆಸರು ಬರೆಯಲಿ. ಆ ಊರು ಈಗ ಇಲ್ಲ, ಹೊಸ ಬಂದರು ಬಂದು ನುಂಗಿಹಾಕಿದೆ. ಎಲ್ಲಾದರೂ ಒಂದು ಕಡೆ ಇರಲಿ.

ಅವತ್ತು ಸಂಜೆ ಅಡುಗೆಮನೆಯಲ್ಲಿ ನಮ್ಮವರಿಗೆ ಎಲ್ಲ ಹೇಳಿದೆ. ಅವರಿಗೂ ಬೇಸರವಾಯಿತು, ಸುಳ್ಳು ಹೇಳಬಾರದು. ತಟ್ಟೆಯನ್ನು ಅರ್ಧಕ್ಕೇ ಸರಿಸಿದರು. ಆದರೆ ಕೊನೆಗೆ ಬಂದದ್ದು ಈ ಮಾತು:

“ಪಾಪ ಕಣೇ. ಆದ್ರೆ ಹಡಗು ಏನ್ ಮಾಡ್ತು ಅನ್ನೋದಕ್ಕೂ ನಾನ್ ಕಟ್ಟಿರೋದಕ್ಕೂ ಏನ್ ಸಂಬಂಧ? ನಾನ್ ಕಟ್ಟಿರೋದು ಬರೀ ಮರ, ತಂತಿ, ಪೇಂಟು.”

“ಗೋಡೆ ಮೇಲೆ ಸರ್ವಿಸ್ ಹಿಸ್ಟರಿ ಅಂತ ಬರೀತಾರಲ್ಲ. ಇದೂ ಸರ್ವಿಸ್ಸೇ ತಾನೆ?”

“ಅದು ಕೆವಿನ್ ಡಿಪಾರ್ಟ್‌ಮೆಂಟು.”

“ಹಾಗಾದ್ರೆ ಕೆವಿನ್‌ಗೆ ಹೇಳಿ.”

“ಹೇಳ್ತೀನಿ, ಹೇಳ್ತೀನಿ. ಪರ್ತ್ ಶೋ ಒಂದು ಮುಗೀಲಿ.”

ಅವರು ಹೇಳಲಿಲ್ಲ. ಮುಂದಿನ ಬಾರಿ ಲ್ಯಾಮಿಂಗ್ಟನ್ ಜೊತೆ ಬಂದಾಗ ನಾನೇ ಕೆವಿನ್‌ಗೆ ಹೇಳಿದೆ. ಅವನು ಕೇಕಿನ ತೆಂಗಿನತುರಿಯನ್ನು ಬೆರಳಿನಿಂದ ಒತ್ತಿ ಒತ್ತಿ ತೆಗೆದು ತಿನ್ನುತ್ತಾ ಪೂರ್ತಿ ಕೇಳಿದ. ಭಯಂಕರ ಸಂಗತಿ, ಲವ್, ಎಂದ. ಆದರೆ ನಾವು ಪಾಲಿಟಿಕ್ಸಿಗೆ ಇಳಿಯುವುದಿಲ್ಲ, ಅಲ್ಲಿಗೆ ಮಕ್ಕಳು ಬರುತ್ತಾರೆ ಎಂದ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಉಪ್ಪು ಬಳಿಯುವವಳು ಪಾಲಿಟಿಕ್ಸು. ಒಂಬತ್ತು ಫಿರಂಗಿ ಹೊತ್ತ ಹಡಗು ಮಕ್ಕಳು ನೋಡುವ ವಸ್ತು. ನಾನು ಎದ್ದು ಟೀ ಕಪ್ಪುಗಳನ್ನು ಸಿಂಕಿಗೆ ಹಾಕಿದೆ. ಒಂದರ ಹಿಡಿ ಮುರಿಯಿತು. ಕೈ ಜಾರಿತೇನೋ ಎಂದರು ನಮ್ಮವರು.

ರೀನಾಗೆ ಫೋನ್ ಮಾಡಿದರೆ ಅವಳು ಆಸ್ಪತ್ರೆಯ ಪಾಳಿ ಮುಗಿಸಿ ಸರ್ವೋ ಬಂಕಿನಲ್ಲಿ ಪೆಟ್ರೋಲ್ ಹಾಕಿಸುತ್ತಿದ್ದಳು. ಅಮ್ಮಾ, ಅಪ್ಪ ರಿಟೈರ್ ಆದ್ಮೇಲೆ ಫಸ್ಟ್ ಟೈಮ್ ಹ್ಯಾಪಿ ಆಗಿದಾರೆ, ಪ್ಲೀಸ್ ಡೋಂಟ್ ಸ್ಪಾಯಿಲ್ ಇಟ್ ಎಂದಳು. ಅಪ್ಪನ ಖುಷಿಯನ್ನು ಕಾಯುವ ಕೆಲಸ ಯಾವಾಗಲೂ ನನ್ನದು. ನನ್ನ ಹೊಲಿಗೆಯ ಕೋಣೆ ಹೋದಾಗ ಯಾರೂ ಯಾರಿಗೂ ಫೋನ್ ಮಾಡಿರಲಿಲ್ಲ.

ಸೆಪ್ಟೆಂಬರಿನಲ್ಲಿ ಹಡಗು ಪರ್ತ್‌ಗೆ ಹೊರಟಿತು. ನಮ್ಮವರೂ ಕೆವಿನ್ನೂ ವ್ಯಾನಿನಲ್ಲಿ ಅದನ್ನು ಮರಳುಗಾಡು ದಾಟಿಸಿ ಒಯ್ದರು. ನಾನು ವಿಮಾನದಲ್ಲಿ ಹೋದೆ. ಹೋಗದಿರಬಹುದಿತ್ತು. ಆದರೆ ಗೋಡೆಯ ಮೇಲೆ ಊರಿನ ಹೆಸರು ಬರುತ್ತದೋ ಇಲ್ಲವೋ ಎಂದು ನನ್ನ ಕಣ್ಣಿನಿಂದಲೇ ನೋಡಿ ಬರುತ್ತೇನೆ ಎಂದು ತಾಮ್ ಆಂಟಿಗೆ ಮಾತು ಕೊಟ್ಟಿದ್ದೆ. ಬಂದರಿನ ಆ ಸಭಾಂಗಣದಲ್ಲಿ ಗಾಳಿ ಎಲ್ಲ ಬಾಗಿಲುಗಳನ್ನೂ ಬಡಿಯುತ್ತಿತ್ತು. ಹೊರಗೆ ಉಪ್ಪಿನ ವಾಸನೆ, ಒಳಗೆ ನನ್ನ ಮನೆಯದೇ ಅಂಟಿನ ವಾಸನೆ. ಮೇಜುಗಳ ತುಂಬ ಹಡಗುಗಳು, ಅವುಗಳ ಹಿಂದೆ ಬೂದುಗೂದಲಿನ ಗಂಡಸರು, ಅವರ ಹಿಂದೆ ಸ್ಯಾಂಡ್‌ವಿಚ್ ಡಬ್ಬಿ ಹಿಡಿದ ಹೆಂಡತಿಯರು. ನಮ್ಮ ಹಡಗಿನ ಹಿಂದೆ ಚರಿತ್ರೆ ಆಗಲೇ ತೂಗಿತ್ತು. ಪೂರ್ವದ ಸಮುದ್ರಗಳಲ್ಲಿ ಸೇವೆ. ಅದರ ಕೆಳಗೆ, ನನ್ನ ಒಂದು ಗೇಣು ಇಡಬಹುದಾದಷ್ಟು ಖಾಲಿ ಜಾಗ.

ತೀರ್ಪುಗಾರ ನೌಕಾಪಡೆಯಿಂದ ನಿವೃತ್ತನಾದವನು. ಬಿಳಿ ಗಡ್ಡ, ಕೈಯಲ್ಲಿ ಪುಟ್ಟ ಟಾರ್ಚು. ಹಡಗಿನ ಸುತ್ತ ಎರಡು ಸುತ್ತು ಬಂದು, ಫಲಕ ಓದಿ, ಟಾರ್ಚನ್ನು ಚಪ್ಪರದ ಮೇಲೆ ನಿಲ್ಲಿಸಿದ. ಉತ್ತರ ಗೋಳದ ಚಳಿಗಾಲದಲ್ಲಿ, ಯುದ್ಧದ ನಡುವೆ, ಬಿಸಿಲಿಗೆ ಕಟ್ಟುವ ಕ್ಯಾನ್ವಾಸು ಯಾಕೆ ಎಂದು ಕೇಳಿದ.

ನಮ್ಮವರ ಮುಖ ಬಿಳಿಚಿತು. ಅಷ್ಟು ದಿನ ಇಂಚಿಂಚು ಅಳೆದವರಿಗೆ ಇದು ಹೊಳೆದೇ ಇರಲಿಲ್ಲ. ಅವರು ಕೆವಿನ್ ಕಡೆ ನೋಡಿದರು, ಆಮೇಲೆ ನನ್ನ ಕಡೆ. ನಕ್ಕರು. ನನ್ನ ಹೆಂಡತಿಗೆ ಹೊಲಿಗೆ ಅಂದರೆ ಪ್ರಾಣ, ಚಂದ ಕಾಣಲಿ ಅಂತ ಹಾಕಿದಾಳೆ ಎಂದರು ಇಂಗ್ಲಿಷಿನಲ್ಲಿ. ಸುತ್ತ ನಿಂತವರೂ ನಕ್ಕರು. ಒಬ್ಬಾತ ನನ್ನವಳೂ ಹೀಗೇ, ಎಲ್ಲದಕ್ಕೂ ಲೇಸು ಹಾಕ್ತಾಳೆ ಎಂದ.

ನಾನು ಸಾಮಾನ್ಯವಾಗಿ ನಾಲ್ಕು ಜನರ ಮುಂದೆ ಬಾಯಿ ತೆರೆಯುವವಳಲ್ಲ. ಅವತ್ತು ತೆರೆದೆ. ಧ್ವನಿ ಏರಿಸಲಿಲ್ಲ. ಇವರು ನೋಡಿ ಕಟ್ಟಿದ ಫೋಟೊ ಆ ಚಳಿಗಾಲದ ಬಂದರಿನದಲ್ಲ, ಅದು ವಿಯೆಟ್ನಾಮಿನ ನದಿಬಾಯಿ, ಎದುರಿಗಿರುವ ಹಳ್ಳಿ ಬೆನ್ ಲಾವ್, ಮಾರನೆಯ ದಿನವೋ ಅದರ ಮಾರನೆಯ ದಿನವೋ ಈ ಹಡಗು ಉಪ್ಪಿನ ಗದ್ದೆಯಲ್ಲಿದ್ದ ಹೆಂಗಸರ ಮೇಲೆ ಗುಂಡು ಹಾರಿಸಿತು, ಚಪ್ಪರ ಸರಿಯಾಗಿಯೇ ಇದೆ, ತಪ್ಪಿರುವುದು ಫಲಕ ಎಂದೆ. ಯಾರೂ ನಗಲಿಲ್ಲ. ಸ್ಯಾಂಡ್‌ವಿಚ್ ಡಬ್ಬಿಯ ಹೆಂಗಸೊಬ್ಬಳು ಡಬ್ಬಿಯ ಮುಚ್ಚಳವನ್ನು ಒತ್ತಿ ಹಾಕಿದ ಸದ್ದು ಕೇಳಿಸಿತು.

ತೀರ್ಪುಗಾರ ನನ್ನನ್ನು ಗೌರವದಿಂದಲೇ ನೋಡಿದ. ಆದರೆ ಅವನ ತಲೆನೋವು ಸತ್ತವರದಲ್ಲ. ಫಲಕಕ್ಕೂ ಕ್ಯಾನ್ವಾಸಿಗೂ ತಾಳೆಯಾಗಬೇಕು, ಎರಡರಲ್ಲಿ ಒಂದನ್ನು ನಾಳೆ ಬಾಗಿಲು ತೆರೆಯುವ ಮೊದಲು ಸರಿಪಡಿಸಿ, ಇಲ್ಲದಿದ್ದರೆ ಗಾಜಿನ ಪೆಟ್ಟಿಗೆಗೆ ಹೋಗುವುದಿಲ್ಲ ಎಂದು ಮುಂದಿನ ಮೇಜಿಗೆ ಸರಿದ. ನನಗೆ ಅಷ್ಟೇ ಸಾಕಾಗಿತ್ತು. ದಾರಿ ತೆರೆಯಿತು ಎಂದುಕೊಂಡೆ. ಬಂದರಿನ ರಸ್ತೆಯಲ್ಲಿ ಕೀಲಿಕೈ ಮಾಡಿಕೊಡುವ ಅಂಗಡಿಯಲ್ಲಿ ಫಲಕ ಕೆತ್ತಿಕೊಡುತ್ತಾರೆ ಎಂಬ ಬೋರ್ಡು ಕಂಡಿತ್ತು. ಸಂಜೆಯೇ ಹೋಗಿ ಕೇಳಿದೆ. ಬೆಳಿಗ್ಗೆ ಬೇಗ ಬನ್ನಿ, ಕಾಯುತ್ತಿರುವಾಗಲೇ ಕೆತ್ತಿ ಕೊಡುತ್ತೇನೆ ಎಂದ ಅಂಗಡಿಯವನು.

ಮರುದಿನ ಬೆಳಿಗ್ಗೆ ಮೋಟೆಲಿನಲ್ಲಿ ನಾನು ಟೋಸ್ಟಿಗೆ ಬೆಣ್ಣೆ ಹಚ್ಚುತ್ತಿದ್ದೆ. ನಮ್ಮವರು ನನ್ನ ಹೊಲಿಗೆಯ ಡಬ್ಬಿ ತೆರೆದು ಕೊಕ್ಕರೆ ಕತ್ತರಿಯನ್ನು ಹುಡುಕಿ ತೆಗೆದರು. ಹಿಡಿಯನ್ನು ನನ್ನ ಕಡೆಗೆ ಮಾಡಿ ಚಾಚಿದರು.

“ನೀನೇ ಬಿಚ್ಚಿಕೊಡು ಐರಿನ್. ನಾನ್ ಮುಟ್ಟಿದ್ರೆ ಕಂಬ ಮುರಿಯುತ್ತೆ.”

“ಬಿಚ್ಚಲ್ಲ. ಫಲಕ ಬದ್ಲಾಯ್ಸಿ. ಅಂಗ್ಡಿಯವ್ನಿಗೆ ಹೇಳಿ ಬಂದಿದೀನಿ.”

“ಫಲಕ ಕ್ಲಬ್ಬಿಂದು. ಕೆವಿನ್ ಒಪ್ಪಲ್ಲ.”

“ಹಡಗು ಯಾರ್ದು ರೀ? ಒಂದ್ ವರ್ಷ ಕೂತ್ಕೊಂಡು ಕಟ್ಟಿದ್ದು ನೀವಾ, ಕೆವಿನ್ನಾ?”

ಅವರು ಕತ್ತರಿಯನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿದ್ದರು. ಇಷ್ಟು ವರ್ಷಗಳಲ್ಲಿ ಅವರು ಚಾಚಿದ್ದನ್ನು ನಾನು ತೆಗೆದುಕೊಳ್ಳದೇ ಇದ್ದದ್ದು ಅದೇ ಮೊದಲು. ಆಮೇಲೆ ಅದನ್ನು ಜೇಬಿಗೆ ಹಾಕಿಕೊಂಡು ಹೊರಟರು. ಹೋಗುವಾಗ, ನಿನಗಿಂತ ಆ ಮುದುಕಿ ಹೆಚ್ಚಾದಳಾ ಎಂದು ಗೊಣಗಿದ್ದು ಕೇಳಿಸಿತು. ಏನು ಅರ್ಥ ಅದಕ್ಕೆ ಎಂದು ಇವತ್ತಿಗೂ ನನಗೆ ಗೊತ್ತಾಗಿಲ್ಲ.

ನಾನು ಕೀಲಿಕೈ ಅಂಗಡಿಗೆ ಹೋದೆ. ಊರಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅಂಗಡಿಯವನು ಅದನ್ನು ಪುಟ್ಟ ಹಿತ್ತಾಳೆ ಪಟ್ಟಿಯಲ್ಲಿ ಕೆತ್ತಿ, ಊದಿ, ಬಟ್ಟೆಯಲ್ಲಿ ಒರೆಸಿ ಕೊಟ್ಟ. ನಿಮ್ಮ ಮನೆಯ ಹೆಸರಾ ಎಂದು ಕೇಳಿದ. ಹೌದು ಎಂದೆ, ವಿವರಿಸುವ ತಾಳ್ಮೆಯಿರಲಿಲ್ಲ. ಸಭಾಂಗಣಕ್ಕೆ ಹೋಗುವಷ್ಟರಲ್ಲಿ ಹಡಗು ಗಾಜಿನ ಪೆಟ್ಟಿಗೆಯೊಳಗಿತ್ತು. ಮೇಲೊಂದು ನೀಲಿ ರಿಬ್ಬನ್ನು. ಚಪ್ಪರವಿರಲಿಲ್ಲ. ಡೆಕ್ಕು ಬೋಳಾಗಿತ್ತು, ಒಂದೂ ಕಂಬ ಮುರಿದಿರಲಿಲ್ಲ. ಕೆಲವು ಕಂಬಗಳ ತುದಿಯಲ್ಲಿ ನನ್ನ ದಾರದ ಗಂಟುಗಳು ಮಾತ್ರ ಉಳಿದಿದ್ದವು. ಟಾರ್ಚು ಹಾಕಿದರೂ ಯಾರಿಗೂ ಕಾಣುವುದಿಲ್ಲ. ನನಗೆ ಕಂಡವು.

ನಮ್ಮವರು ನನ್ನನ್ನು ನೋಡಿದ್ದೇ ಹತ್ತಿರ ಬಂದರು. ಅಂಗಿಯ ಜೇಬಿನಿಂದ ಟಿಶ್ಯೂ ಕಾಗದದ ಮಡಿಕೆಯೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಅವರ ಮುಖದಲ್ಲಿ ಹೊಗಳಿಕೆಗೆ ಕಾಯುವವರ ಒಂದು ಭಾವವಿತ್ತು.

“ಎಷ್ಟು ಜೋಪಾನವಾಗಿ ತೆಗ್ದಿದೀನಿ ನೋಡು. ಒಂದ್ ಎಳೇನೂ ಹರಿದಿಲ್ಲ.”

“ಅವ್ರೂ ಜೋಪಾನವಾಗೇ ತೆಗ್ದಿದ್ರಂತೆ,” ಎಂದೆ. “ಗುಂಡು ಹೊಡೆಯೋಕ್ ಮುಂಚೆ.”

ಆಮೇಲೆ ಫೋಟೊ ತೆಗೆದರು. ಕೆವಿನ್ ಒಂದು ಬದಿ, ನಮ್ಮವರು ಒಂದು ಬದಿ, ನಡುವೆ ಹಡಗು. ಹೆಂಡತಿಯೂ ಬರಲಿ ಎಂದು ಯಾರೋ ಕರೆದರು. ನಾನು ಹೊರಗೆ ಧಕ್ಕೆಯ ಮೇಲೆ ಹೋಗಿ ನಿಂತೆ. ಗಾಳಿ ಕಣ್ಣಿಗೆ ಹೊಡೆಯುತ್ತಿತ್ತು. ಒಂದು ಕೈಯಲ್ಲಿ ಹಿತ್ತಾಳೆಯ ಪಟ್ಟಿ, ಇನ್ನೊಂದರಲ್ಲಿ ಟಿಶ್ಯೂ ಕಾಗದ. ಎರಡನ್ನೂ ಹಿಡಿದುಕೊಂಡು ನನಗೆ ಬಂದ ಸಿಟ್ಟು ಎಂಥದೆಂದರೆ, ಅದು ಅಳುವಾಗಲಿಲ್ಲ, ಮಾತಾಗಲಿಲ್ಲ. ಅಡಿಲೇಡಿಗೆ ಮರಳಿದ ಮೇಲೆ ನಾನು ಇವರಿಗಾಗಿ ಒಂದು ಹೊಲಿಗೆಯನ್ನೂ ಹಾಕಿಲ್ಲ. ಅಂಗಿಯ ಗುಂಡಿ ಬಿದ್ದರೆ ಅವರೇ ಹಾಕಿಕೊಳ್ಳುತ್ತಾರೆ. ಹಡಗು ಕಟ್ಟಿದ ಬೆರಳು, ಚೆನ್ನಾಗಿಯೇ ಹಾಕುತ್ತಾರೆ. ಈಗ ನಾನು ಬ್ರಿಸ್ಬೇನಿಗೆ ಬಂದು ಬೇಸಿಗೆ ಕಳೆಯುತ್ತಿದ್ದೇನೆ. ವಾಪಸ್ ಯಾವಾಗ ಎಂದು ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾರೆ. ಕೊಕ್ಕರೆ ಕತ್ತರಿ ಎಲ್ಲಿದೆ ಎಂದೂ ಒಮ್ಮೆ ಕೇಳಿದರು. ಪರ್ತ್‌ನಲ್ಲೇ ಅವರ ಜೇಬಿನಿಂದ ತೆಗೆದಿಟ್ಟುಕೊಂಡಿದ್ದೆ, ಅದು ನನ್ನ ಜೊತೆಯಲ್ಲಿದೆ.

ಪರ್ತ್‌ನಿಂದ ಬಂದ ಮರುದಿನವೇ ತಾಮ್ ಆಂಟಿಯ ಮನೆಗೆ ಹೋದೆ. ಬಿಸಿಲು ಬಂದಿತ್ತು. ಬಾತ್‌ಟಬ್ಬಿನ ಮೇಲಿನ ಪ್ಲಾಸ್ಟಿಕ್ ತೆಗೆದಿದ್ದರು, ಬಸಳೆ ಹೊಸ ಕುಡಿ ಬಿಟ್ಟಿತ್ತು. ಹಿಂಬಾಗಿಲ ಮೆಟ್ಟಿಲ ಮೇಲೆ ಕುಳಿತು ಇಬ್ಬರೂ ಸೊಪ್ಪು ಬಿಡಿಸಿದೆವು. ಬರೆದರೇ ಎಂದು ಕೇಳಿದರು. ಇಲ್ಲ ಎಂದೆ. ಚಪ್ಪರ ಬಿಚ್ಚಿದ್ದನ್ನೂ ಹೇಳಿದೆ. ಟಿಶ್ಯೂ ಕಾಗದ ಬಿಚ್ಚಿ ತೋರಿಸಿದೆ. ಅವರು ಚಪ್ಪರದ ಬಟ್ಟೆಯನ್ನು ಬಿಸಿಲಿಗೆ ಹಿಡಿದು ಅಂಚನ್ನು ನೋಡಿದರು. ಈ ಮೂಲೆಯನ್ನು ನಮ್ಮ ಸಿಸ್ಟರ್ ನೋಡಿದ್ದರೆ ಬಿಚ್ಚಿ ಮತ್ತೆ ಹೊಲಿಸುತ್ತಿದ್ದರು ಎಂದರು. ನಿಜವೇ, ಒಂದು ಹೊಲಿಗೆ ಹಾರಿತ್ತು. ಇಬ್ಬರಿಗೂ ನಗು ಬಂತು. ಹಿತ್ತಾಳೆಯ ಪಟ್ಟಿಯನ್ನು ಕೊಟ್ಟೆ. ಅದನ್ನು ಓದಲಿಲ್ಲ, ಬೆರಳಿನಿಂದ ಅಕ್ಷರಗಳನ್ನು ಸವರಿ, ಬಸಳೆಯ ಟಬ್ಬಿನ ಅಂಚಿನ ಮೇಲೆ ಒರಗಿಸಿಟ್ಟರು. ಈಗಲೂ ಅಲ್ಲೇ ಇರಬೇಕು. ಬೆನ್ ಲಾವ್.

ಸ್ವಲ್ಪ ಹೊತ್ತು ಎಲೆ ಬಿಡಿಸಿದ ಮೇಲೆ ಅವರು ತಲೆಯೆತ್ತದೆ ಕೇಳಿದರು:

“ಚಪ್ಪರ ತೆಗೆದಿದ್ದಾರೆ. ಫಿರಂಗಿಗಳು ಯಾವ ಕಡೆಗೆ ತಿರುಗಿವೆ?”

“ನೋಡಲು ಬಂದವರ ಕಡೆಗೆ,” ಎಂದೆ.

ತಾಮ್ ಆಂಟಿ ಬಲಿತ ದಂಟೊಂದನ್ನು ಮುರಿದು ಪಕ್ಕಕ್ಕೆ ಹಾಕಿದರು.

“ಹಾಗಾದರೆ ಇರಲಿ ಬಿಡು,” ಎಂದರು.